ಎದೆಗೊಂದು ಕಾವಲು

ತಂದೆ ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಕೆಳಗೆ ಬೆಂಚಿನ ಮೇಲೆ ಅವರಿಗಾಗಿ ಜಪ ಮಾಡುತ್ತ ಕುಳಿತಿದ್ದ ತಾಯಿಗೆ ಅದಿನ್ನೂ ತಿಳಿದಿರಲಿಲ್ಲ.

"ನಿಮ್ಮ ತಾಯಿಯ ಹೃದಯವೂ ತುಂಬ ಸೋತಿದೆ. ಮೊದಲು ಎದೆಬಡಿತ ನೋಡೋ ವಾಚು ಕಟ್ಟಿ, ಆಮೇಲೆ ಸುದ್ದಿ ಹೇಳಿ" ಎಂದಿದ್ದರು ಡಾಕ್ಟರು. ಐವತ್ತೆಂಟರ ಮಗಳು ಮುಖ ತೊಳೆದುಕೊಂಡು, ತಾಯಿಯ ಕೈ ಹಿಡಿದು ಎದುರಿನ ಅಂಗಡಿಗೆ ಕರೆತಂದಳು.

ಅಂಗಡಿಯವನು ಎರಡು ಬಗೆಯ ವಾಚು ತೆಗೆದಿಟ್ಟ. "ಇದು ಬಡಿತ ಎಣಿಸುತ್ತೆ, ಅಷ್ಟೇ. ಇದಾದ್ರೆ, ಬಡಿತ ಏರುಪೇರಾದ ಕೂಡಲೇ ನಿಮ್ಮ ಫೋನಿಗೆ ತಿಳಿಸುತ್ತೆ ಅಕ್ಕಾ."

"ತಿಳಿಸೋದೇ ಕೊಡಿ."

ತಾಯಿ ನಕ್ಕರು. "ಅರವತ್ತು ವರ್ಷ ನಿಮ್ಮಪ್ಪನ ಕೋಪ ತಡಕೊಂಡ ಎದೆ ಕಣೇ ಇದು. ಇದಕ್ಕೊಂದು ಕಾವಲು ಬೇರೆ ಕೇಡು! ಬೇಕಾಗಿರೋದು ಅವರಿಗೆ. ಅವರಿಗೂ ಒಂದು ತಗೋ."

ಮಗಳು ಅಂಗಡಿಯವನತ್ತ ತಿರುಗಿದಳು. "ಆಯ್ತಮ್ಮ. ಎರಡು ಕೊಡಿ."

ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಅಂಗಡಿಯವನು ಗೋಡೆಯ ದೇವರ ಪಟಕ್ಕೆ ಮಂಗಳಾರತಿ ಬೆಳಗಿ, ತಟ್ಟೆಯನ್ನು ಇವರ ಮುಂದೆ ತಂದು ಹಿಡಿದ. ಮಗಳು ಅಭ್ಯಾಸಬಲದಿಂದ ಕೈ ಚಾಚಿದಳು. ಸೂತಕವೆಂಬುದು ನೆನಪಾಗಿ, ಸುಟ್ಟುಕೊಂಡವಳಂತೆ ಹಿಂದಕ್ಕೆಳೆದುಕೊಂಡಳು.

"ಯಾಕೇ? ತಗೊಳ್ಳೇ" ಎಂದರು ತಾಯಿ.

"ನಂಗೆ ಬೇಡಮ್ಮ... ನೀನು ತಗೋ."

ತಾಯಿ ಮಗಳ ಮುಖವನ್ನೇ ನೋಡಿದರು. ಕರ್ಪೂರ ಉರಿದು ಮುಗಿಯುವ ತನಕ ನೋಡಿದರು. ಆಮೇಲೆ ಆರತಿಯತ್ತ ಚಾಚಿದ್ದ ತಮ್ಮ ಕೈಯನ್ನೂ ಮೆಲ್ಲಗೆ ಹಿಂದಕ್ಕೆ ತೆಗೆದು, ಮಗಳ ಮುಂದೆ ನೀಡಿದರು.

"ಕಟ್ಟು ಮಗಳೇ. ಎಷ್ಟು ಹೊತ್ತಿಗೆ ಹೋದ್ರು?"