ನಾಲ್ಕನೆಯ ಹಾಡು

ಮೂರನೆಯ ಹಾಡು ಮುಗಿಯುತ್ತಲೇ ಬೌನ್ಸರ್ ಬಂಡೆಯಂತೆ ಬಂದು, ಕ್ಯಾಮೆರಾ ಹಿಡಿದಿದ್ದ ಮೇದಿನಿಯ ಮುಂದೆ ನಿಂತ. ಫೋಟೋದವರಿಗೆ ಮೂರೇ ಹಾಡು, ಆಮೇಲೆ ವೇದಿಕೆಯ ಮುಂದೆ ನಿಲ್ಲುವಂತಿಲ್ಲ ಎಂಬುದು ಆಯೋಜಕರ ಕಟ್ಟಪ್ಪಣೆ.

“ನಡಿಯಮ್ಮ ಆಚೆ.”

“ಅಣ್ಣಾ, ಇನ್ನೊಂದೇ ಹಾಡು! ನಂಗೆ ಬೇಕಾದ ಮುಖ ಇನ್ನೂ ಸಿಕ್ಕಿಲ್ಲ. ಸಿಗದಿದ್ರೆ ಪೇಪರ್ ಕೆಲಸ ಹೋಯ್ತು, ಮತ್ತೆ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋನೇ ಗತಿ.”

“ಹಾಡೋರ ಮುಖ ಮೂರು ಹಾಡಲ್ಲಿ ಸಾಲ್ಲಿಲ್ವ?”

“ಅವರ ಮುಖ ಯಾರಿಗೆ ಬೇಕಣ್ಣ? ನಾನು ಸ್ಟೇಜ್ ಕಡೆ ತಿರುಗೇ ಇಲ್ಲ. ಈ ಜನ ನೋಡು, ಹೆಂಗೆ ಹುಚ್ಚೆದ್ದವ್ರೆ!”

ಅಷ್ಟರಲ್ಲಿ ನಾಲ್ಕನೆಯ ಹಾಡಿನ ಡೊಳ್ಳು ಸಿಡಿಯಿತು. ಬ್ಯಾರಿಕೇಡಿನಾಚೆ ಸಾವಿರಾರು ಜನ ಒಟ್ಟಿಗೇ ನೆಗೆದರು, ಮೈದಾನವೇ ನೆಗೆದಂತಾಯಿತು. ಮೇದಿನಿಯ ಕಾಲು ಅವಳ ಮಾತು ಕೇಳದೆ ಕುಣಿಯತೊಡಗಿತು. ಬೌನ್ಸರ್ ಅವಳ ತೋಳು ಹಿಡಿದ. ಎಳೆದು ಹೊರಗೆ ಹಾಕುತ್ತಾನೆಂದು ಅವಳು ಕ್ಯಾಮೆರಾವನ್ನು ಎದೆಗವಚಿಕೊಂಡಳು. ಆದರೆ ಅವನು ಅವಳನ್ನು ತಾನು ಕಾವಲಿದ್ದ ಜಾಗದಲ್ಲಿ, ಜನರಿಗೆ ಮುಖ ಮಾಡಿ ನಿಲ್ಲಿಸಿದ.

“ಜನರ ಮೇಲೆ ನಿನ್ನ ಕಣ್ಣಿರ್ಲಿ ತಾಯಿ. ಹನ್ನೊಂದು ವರ್ಷದಿಂದ ಸ್ಟೇಜಿಗೆ ಬೆನ್ನು ಹಾಕ್ಕೊಂಡೇ ನಿಂತಿದ್ದೀನಿ, ಇದೊಂದು ಹಾಡು ತಿರುಗಿ ನೋಡ್ಕೋತೀನಿ.”