ನಾಲ್ಕು ಸಲ ಬಂದ ಪ್ರೇಕ್ಷಕ

ಕಂದು ಟೊಪ್ಪಿಗೆಯ ಮನುಷ್ಯ ನಾಲ್ಕನೆಯ ಸಲವೂ ಬಂದು ಅದೇ ಬೆಂಚಿನ ಮೇಲೆ ಕೂತದ್ದನ್ನು ಗ್ರೇಡಿ ಗೋಲು ಕಂಬದ ಬುಡದಿಂದಲೇ ನೋಡಿದ. ಆತನ ತೊಡೆಯ ಮೇಲೆ ಅದೇ ನೋಟ್‌ಬುಕ್ಕು, ಕೊರಳಲ್ಲಿ ಅದೇ ಕ್ಯಾಮೆರಾ. ಆಟ ಶುರುವಾಗಲು ಇನ್ನೂ ಹತ್ತು ನಿಮಿಷವಿತ್ತು, ಪುಣ್ಯಾತ್ಮ ಆಗಲೇ ಏನೋ ಗೀಚಿಕೊಳ್ಳುತ್ತಿದ್ದ.

ಗ್ರೇಡಿ ಹಾಸ್ಕಿನ್ಸ್ ಅಮೆರಿಕದ ಒಹಾಯೊದವನು. ವಯಸ್ಸು ಇಪ್ಪತ್ತಾರು. ಅವನ ಆಟದ ವಿಡಿಯೊ ನೋಡಿದ ಏಜೆಂಟನೊಬ್ಬ, ಜರ್ಮನಿಗೆ ಹೋದರೆ ಎರಡೇ ವರ್ಷದಲ್ಲಿ ದೊಡ್ಡ ಲೀಗು ಎಂದು ಆಸೆ ಹುಟ್ಟಿಸಿ ವಿಮಾನ ಹತ್ತಿಸಿದ್ದ. ಎರಡು ವರ್ಷ ಮುಗಿದಿತ್ತು. ದೊಡ್ಡ ಲೀಗು ಇನ್ನೂ ಐದು ಮೆಟ್ಟಿಲು ಮೇಲೆಯೇ ಇತ್ತು. ಗ್ರೇಡಿ ಓಬರ್‌ಲಿಂಟೆನ್ ಎಂಬ ಹಳ್ಳಿಯ ಆರನೆಯ ದರ್ಜೆಯ ಫುಟ್‌ಬಾಲ್ ತಂಡಕ್ಕೆ ಗೋಲು ಕಾಯುತ್ತಿದ್ದ. ವಾರದ ದಿನಗಳಲ್ಲಿ ಸಂಘದ ಅಧ್ಯಕ್ಷ ವೆಸ್ಟ್‌ಕಾಂಪ್ ಅವರ ಕೈಕೆಳಗೆ ಮನೆಗಳ ಮಾಡಿಗೆ ಹೆಂಚು ಹೊದಿಸುತ್ತಿದ್ದ. ಏಜೆಂಟನನ್ನು ಪೂರಾ ಸುಳ್ಳುಗಾರ ಎನ್ನುವಂತಿಲ್ಲ, ಹುಡುಗ ದಿನಾ ಮೇಲಕ್ಕೆ ಏರುತ್ತಲೇ ಇದ್ದ.

ಈ ನಡುವೆ ಒಹಾಯೊದ ಹಳೆಯ ಕಾಲೇಜು ಅವನನ್ನು ಕರೆದಿತ್ತು. ಸಹಾಯಕ ಕೋಚ್ ಕೆಲಸ, ಅದೂ ಕಾಯಂ. ಉತ್ತರ ಈ ಭಾನುವಾರ ಸಂಜೆಯೊಳಗೆ ಬೇಕು, ತಪ್ಪಿದರೆ ಕೆಲಸ ಇನ್ನೊಬ್ಬನಿಗೆ. ಮಾರ್ಚಿನಲ್ಲಿ ಕರೆದಿದ್ದರೆ ಗ್ರೇಡಿ ಎರಡೂ ಕೈಯಲ್ಲಿ ಬಾಚಿಕೊಳ್ಳುತ್ತಿದ್ದ. ಆದರೆ ಏಪ್ರಿಲ್‌ನಲ್ಲಿ ಟೊಪ್ಪಿಗೆಯವನು ಬಂದುಬಿಟ್ಟಿದ್ದ.

ಆತನನ್ನು ಮೊದಲು ಗುರುತು ಹಿಡಿದವಳು ಮೈದಾನದ ಬಾಗಿಲಲ್ಲಿ ಸಾಸೇಜು ಸುಡುವ ಉಲ್ಲಾ. ಮನುಷ್ಯ ಟಿಕೆಟಿನ ಫೋಟೊ ತೆಗೆದನಂತೆ, ಸಾಸೇಜಿನ ಫೋಟೊ ತೆಗೆದನಂತೆ, ಕೊನೆಗೆ ಮೂಲೆಯ ಬಾವುಟವನ್ನೂ ಬಿಡಲಿಲ್ಲವಂತೆ. ಆಟಗಾರರನ್ನು ಆರಿಸಲು ಬರುವ ದೊಡ್ಡ ಕ್ಲಬ್ಬಿನವರ ಕೆಲಸವೇ ಹೀಗೆ, ಆಟಗಾರ ಏನು ತಿನ್ನುತ್ತಾನೆ ಎನ್ನುವುದನ್ನೂ ಬಿಡದೆ ಬರೆದುಕೊಳ್ಳುತ್ತಾರೆ ಎಂದು ವೆಸ್ಟ್‌ಕಾಂಪ್ ತೀರ್ಪು ಕೊಟ್ಟರು. ಗ್ರೇಡಿಗೆ ಮಾತ್ರ ಇನ್ನೂ ಅನುಮಾನವಿತ್ತು.

"ಅಲ್ಲಯ್ಯಾ, ನಮ್ಮ ಮೈದಾನ ನೋಡೋಕೆ ಯಾವನಾದ್ರೂ ಬರ್ತಾನಾ?" ಎಂದು ವೆಸ್ಟ್‌ಕಾಂಪ್ ನಕ್ಕರು. "ಹಂದಿ ಕೂಡ ಇಲ್ಲಿ ಮೇಯಲ್ಲ. ನಿನಗೋಸ್ಕರಾನೇ ಬಂದಿದಾನೆ."

ಅಲ್ಲಿಗೆ ಊರಿಗೆ ಊರೇ ನಂಬಿತು. ಪರವೂರಿನ ಆಟಗಳಿಗೆ ಆತ ಬರುತ್ತಿರಲಿಲ್ಲ. ಬರದಿದ್ದದ್ದೇ ಒಳ್ಳೆಯದಾಯಿತು, ಅಲ್ಲಿ ಗ್ರೇಡಿ ಮೂರು ನಾಲ್ಕು ಗೋಲು ಬಿಟ್ಟುಕೊಟ್ಟು ತಲೆ ತಗ್ಗಿಸಿಕೊಂಡು ಬರುತ್ತಿದ್ದ. ಸ್ವಂತ ಮೈದಾನದಲ್ಲಿ ಆ ಟೊಪ್ಪಿಗೆ ಕಂಡಿತೆಂದರೆ ಮಾತ್ರ ಮೈಮೇಲೆ ದೇವರು ಬಂದವನಂತೆ ಹಾರುತ್ತಿದ್ದ. ಮೂರು ಆಟದಲ್ಲಿ ಒಂದು ಚೆಂಡೂ ಬಲೆ ಮುಟ್ಟಲಿಲ್ಲ. ತಂಡದ ಮುಂಪಡೆಯ ಆಟಗಾರರಿಗಂತೂ ಗೋಲು ಹೊಡೆಯುವ ದುರಭ್ಯಾಸವೇ ಇರಲಿಲ್ಲ. ಹಾಗಾಗಿ ಮೂರೂ ಆಟ ಸೊನ್ನೆಗೆ ಸೊನ್ನೆ.

ವೆಸ್ಟ್‌ಕಾಂಪ್ ಬಹಳ ಮುಂದಾಲೋಚನೆಯ ಮನುಷ್ಯ. ಗ್ರೇಡಿ ಹೇಗೂ ಹಾರಿಹೋಗುವವನು ಎಂದು ಅವನ ಜಾಗವನ್ನು ಕಳೆದ ವಾರವೇ ತಮ್ಮ ತಂಗಿಯ ಮಗನಿಗೆ ಬರೆದುಕೊಟ್ಟಿದ್ದರು. ಬೇಜಾರು ಮಾಡಿಕೊಳ್ಳಬೇಡ ಎಂದು ಬೆನ್ನು ತಟ್ಟಿದ್ದರು. ಗ್ರೇಡಿಗೆ ಬೇಜಾರೇನೂ ಆಗಿರಲಿಲ್ಲ, ಹೆಮ್ಮೆಯಾಗಿತ್ತು.

ಇಂದು ಅದೇ ಭಾನುವಾರ, ಋತುವಿನ ಕೊನೆಯ ಆಟ. ಎಂಬತ್ತೆಂಟನೆಯ ನಿಮಿಷದವರೆಗೂ ಎರಡೂ ಕಡೆ ಸೊನ್ನೆ. ಆಗ ಎದುರಾಳಿಗೆ ಪೆನಾಲ್ಟಿ ಸಿಕ್ಕಿತು. ಟೊಪ್ಪಿಗೆಯವನು ಎದ್ದು ನಿಂತ. ಟೊಪ್ಪಿಗೆ ತೆಗೆದ. ಎರಡೂ ಕೈ ಜೋಡಿಸಿದ, ತುಟಿ ಅಲುಗುತ್ತಿತ್ತು. ಅಷ್ಟು ದೊಡ್ಡ ಕ್ಲಬ್ಬಿನವನು ತನಗಾಗಿ ಪ್ರಾರ್ಥಿಸುವುದನ್ನು ಕಂಡು ಗ್ರೇಡಿ ಕೈಗವಸು ಬಿಗಿ ಮಾಡಿಕೊಂಡ.

ಚೆಂಡು ಎಡಕ್ಕೆ ಬಂತು. ಗ್ರೇಡಿ ಮೈಯೆಲ್ಲ ಚಾಚಿ ಹಾರಿದ. ಬೆರಳ ತುದಿ ತಗುಲಿ ಚೆಂಡು ಕಂಬದ ಆಚೆ ಹೋಯಿತು. ಜನ ಹುಚ್ಚೆದ್ದು ಕುಣಿದರು. ಟೊಪ್ಪಿಗೆಯವನು ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಪಾಪ, ಖುಷಿಗೆ ಅಳು ಬಂದಿದೆ ನೋಡ್ರಿ," ಎಂದು ಉಲ್ಲಾ ತಾನೂ ಕಣ್ಣೊರೆಸಿಕೊಂಡಳು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಗ್ರೇಡಿ ಕೈಗವಸನ್ನೂ ಪೂರ್ತಿ ಕಳಚಲಿಲ್ಲ. ಒಂದೇ ಹೆಬ್ಬೆರಳಿನಲ್ಲಿ ಒಹಾಯೊಗೆ ಬರೆದ: ನಿಮ್ಮ ಪ್ರೀತಿಗೆ ಋಣಿ, ಆದರೆ ಬರಲಾರೆ. ಕಳಿಸಿಯೂಬಿಟ್ಟ. ಆಮೇಲೆ ತಲೆ ಬಾಚಿಕೊಂಡು, ಸಂಘದ ಮನೆಯಲ್ಲಿ ಎಲ್ಲರೂ ಬಿಯರ್ ಕುಡಿಯುವ ಕಡೆಗೆ ಹೋಗಿ, ಬಾಗಿಲಿಗೆ ಚೆನ್ನಾಗಿ ಕಾಣುವ ಮೇಜು ಹಿಡಿದು ಕೂತ.

ಟೊಪ್ಪಿಗೆಯವನು ನೆಟ್ಟಗೆ ಅವನ ಮೇಜಿಗೇ ಬಂದ. ಕಣ್ಣು ಕೆಂಪಗಿದ್ದವು. ವೆಸ್ಟ್‌ಕಾಂಪ್ ತಾವೇ ಕುರ್ಚಿ ಎಳೆದುಕೊಟ್ಟರು.

"ಮುಂದಿನ ವರ್ಷವೂ ಇಲ್ಲಿ ನೀವೇ ಗೋಲು ಕಾಯ್ತೀರಾ?" ಎಂದು ಆತ ಕೇಳಿದ.

ಈ ಪ್ರಶ್ನೆಗೆ ಗ್ರೇಡಿ ಕನ್ನಡಿಯ ಮುಂದೆ ಎಷ್ಟೋ ಸಲ ಉತ್ತರ ಹೇಳಿ ಅಭ್ಯಾಸ ಮಾಡಿದ್ದ. "ಇಲ್ಲ. ಇಲ್ಲಿ ನನ್ನ ಜಾಗ ಬಿಟ್ಟುಕೊಟ್ಟಾಯ್ತು. ಊರಿಗೂ ಬರಲ್ಲ ಅಂತ ಈಗಷ್ಟೇ ಬರೆದೆ. ನೀವು ಯಾವಾಗ ಹೇಳಿದ್ರೂ ನಾನು ತಯಾರು."

ಆತ ದೀರ್ಘವಾಗಿ ಉಸಿರು ಬಿಟ್ಟು ನೋಟ್‌ಬುಕ್ಕು ಬಿಚ್ಚಿ ಮೇಜಿನ ಮೇಲಿಟ್ಟ. ಪುಟದ ತುಂಬ ಊರುಗಳ ಹೆಸರಿದ್ದವು. ಒಂದೊಂದರ ಮುಂದೂ ಟಿಕ್ಕು ಬಿದ್ದಿತ್ತು, ಓಬರ್‌ಲಿಂಟೆನ್ ಎದುರು ಮಾತ್ರ ಖಾಲಿ.

"ಸದ್ಯ, ನಾನು ಬದುಕಿದೆ," ಎಂದ ಆತ. "ಊರೂರು ಸುತ್ತಿ ಮೈದಾನ ನೋಡೋದು ನನ್ನ ಹವ್ಯಾಸ, ಇದು ಎರಡು ಸಾವಿರದನೇದು. ಕಣ್ಣಾರೆ ಒಂದು ಗೋಲಾದ್ರೂ ನೋಡದೆ ಯಾವ ಮೈದಾನಾನೂ ನಾನು ಪಟ್ಟಿಗೆ ಸೇರಿಸಲ್ಲ. ನಿಮ್ಮಿಂದಾಗಿ ಈ ಹಾಳು ಜಾಗಕ್ಕೆ ನಾಲ್ಕು ಸಲ ಬರಬೇಕಾಯ್ತು ನೋಡಿ."