ನಕ್ಷೆಯಲ್ಲಿ ಹಸಿರಾಗಿದ್ದ ಬಡಾವಣೆ

ಮಗಳ ಉಬ್ಬಸಕ್ಕೆ ಡಾಕ್ಟರು, "ಒಳ್ಳೇ ಗಾಳಿ ಇರೋ ಕಡೆ ಮನೆ ಮಾಡಿ" ಎಂದಾಗ ಕಾತ್ಯಾಯಿನಿ ಯಾರನ್ನೂ ಕೇಳಲು ಹೋಗಲಿಲ್ಲ. ಊರಿನ ಗಾಳಿಯ ಅಂಕಿಅಂಶಗಳನ್ನು ಕಂಪ್ಯೂಟರಿಗೆ ಉಣಿಸಿ, ಯಾವ ಬಡಾವಣೆಯಲ್ಲಿ ಎಷ್ಟು ಹೊಗೆ ಎಂದು ನಕ್ಷೆ ಬರೆಸುವುದೇ ಅವಳ ಕೆಲಸ. ಆ ನಕ್ಷೆಯಲ್ಲಿ ಶುದ್ಧ ಗಾಳಿಯ ಹಸಿರು ಬಣ್ಣ ದಟ್ಟವಾಗಿದ್ದ ಬಡಾವಣೆಗೆ ಸಾಮಾನು ಸಾಗಿಸಿದಳು.

ಮಗುವಿನ ಕೆಮ್ಮು ಮಾತ್ರ ದಿನದಿನಕ್ಕೂ ಹೆಚ್ಚಿತು. ಮಲಗಲಾರದೆ ಕೂತೇ ತೂಕಡಿಸುವ ಮಗಳನ್ನು ಎದೆಗೊರಗಿಸಿಕೊಂಡು ಅವಳೂ ಸೋತುಹೋಗಿದ್ದಳು.

"ಹಳೇ ಮನೇನೇ ವಾಸಿ ಇತ್ತು ಕಣೇ," ಎಂದ ಗಂಡ.

"ಸುಮ್ನಿರಿ. ಇದಕ್ಕಿಂತ ಶುದ್ಧವಾದ ಗಾಳಿ ಈ ಊರಲ್ಲೇ ಇಲ್ಲ," ಎಂದಳು. ದನಿಯಲ್ಲಿ ಬಲವಿರಲಿಲ್ಲ.

ಕೊನೆಗೆ, ಗಾಳಿ ಅಳೆಯುವ ಯಂತ್ರಗಳನ್ನು ನೋಡಿಕೊಳ್ಳುವ ಸಹೋದ್ಯೋಗಿ ಇರ್ಫಾನನಿಗೆ ಫೋನು ಮಾಡಿದಳು.

"ನಮ್ಮ ಬಡಾವಣೆಯ ಯಂತ್ರ ಒಂದ್ಸಲ ನೋಡ್ತೀರಾ?"

"ಅದು ಕೆಟ್ಟು ವರ್ಷ ಆಯ್ತಲ್ಲ ಮೇಡಂ."

"ಮತ್ತೆ ದಿನಾ ಬರ್ತಿರೋ ಅಂಕಿ?"

"ಯಂತ್ರ ಕೆಟ್ಟ ಕಡೆ, ಹತ್ತಿರದ ಪಾರ್ಕಿನ ಅಳತೆ ನೋಡಿ ಅಂದಾಜು ತುಂಬು ಅಂತ ಕಂಪ್ಯೂಟರಿಗೆ ಕಲಿಸಿದ್ದು ನೀವೇ ಅಲ್ವಾ?"